ಗಾಳಿಗೆ ತಕ್ಕ ಪೆಟ್ರೋಲ್

ನಮ್ಮ ಗ್ಯಾರೇಜಿನ ಕಪಾಟಿನಲ್ಲಿ ಒಂದು ಪಿಸ್ಟನ್ ಇದೆ. ಕಾಫಿ ಲೋಟದಷ್ಟು ಗಾತ್ರದ ಅಲ್ಯುಮಿನಿಯಂ ತುಂಡು. ಅದರ ತಲೆಯ ಒಂದು ಅಂಚು ಇಲಿ ಕಡಿದ ಬೆಲ್ಲದಚ್ಚಿನ ಹಾಗೆ ಹೋಗಿಬಿಟ್ಟಿದೆ. ಮೂರು ವರ್ಷಗಳ ಹಿಂದೆ ಒಂದು ಭಾನುವಾರ ಸಂಜೆ, ಡರ್ಬಿಯಿಂದ ನಾಟಿಂಗ್‌ಹ್ಯಾಮ್ ಕಡೆಗೆ ಹೋಗುವ ಎ52 ರಸ್ತೆಯಲ್ಲಿ, ಹನ್ನೊಂದು ವರ್ಷದ ಮಗಳು ಪಕ್ಕದಲ್ಲಿ ಕೂತಿದ್ದಾಗ ಅದು ಕರಗಿತು. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲುಗಿಸಿದಂಥ ಸದ್ದು ಎರಡೇ ಕ್ಷಣ ಕೇಳಿಸಿತು, ಆಮೇಲೆ ಹಿಂದೆಲ್ಲ ನೀಲಿ ಹೊಗೆ. ಕತ್ತಲಾಗುತ್ತಿತ್ತು. ಪಕ್ಕದಲ್ಲಿ ಲಾರಿಗಳು ಹಾದುಹೋದಾಗ ಕಾರು ಅಲ್ಲಾಡುತ್ತಿತ್ತು. ಮಗಳನ್ನು ರಸ್ತೆಯ ತಡೆಬೇಲಿಯಾಚೆ ನಿಲ್ಲಿಸಿ, ನನ್ನ ಜಾಕೆಟ್ ಅವಳಿಗೆ ಹಾಕಿ, ಎಳೆಯುವ ಗಾಡಿಗಾಗಿ ಮುಕ್ಕಾಲು ಗಂಟೆ ಕಾದೆವು. ಇಡೀ ಕೆಲಸದಲ್ಲಿ ನಾನು ಉಳಿಸಿದ್ದೇನೆಂದು ಬೀಗುತ್ತಿದ್ದ ಹಣ ಸುಮಾರು 400 ಪೌಂಡ್.

ನಾನು ವೃತ್ತಿಯಿಂದ ಲೆಕ್ಕ ಪರಿಶೋಧಕ. ತುಮಕೂರಿನಲ್ಲಿ ಬಿಕಾಂ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮತ್ತು ಸಿಎ, ಆಮೇಲೆ ಡರ್ಬಿ. ಎಂಜಿನ್ ಬಗ್ಗೆ ನನಗಿದ್ದ ಪೂರ್ವಜ್ಞಾನ ಅಪ್ಪನ ಲೂನಾದ ಕಾರ್ಬುರೇಟರ್ ಬಿಚ್ಚಿ ಊದುವುದಷ್ಟೇ. ಆದರೆ ಡರ್ಬಿಯಲ್ಲಿ ಹತ್ತು ವರ್ಷ ಇದ್ದವನಿಗೆ ಎಂಜಿನ್ನಿನ ಹುಚ್ಚು ಸ್ವಲ್ಪವಾದರೂ ಅಂಟದೆ ಇರುವುದಿಲ್ಲ. ಇದು ರೋಲ್ಸ್ ರಾಯ್ಸ್ ಊರು. ನನ್ನ ಕಕ್ಷಿದಾರರಲ್ಲಿ ಅರ್ಧದಷ್ಟು ನಿವೃತ್ತರು ಯಾವುದೋ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದವರೇ. ತೆರಿಗೆ ಕಾಗದಕ್ಕೆ ಸಹಿ ಹಾಕಿಸಲು ಹೋದರೆ ಚಹಾ ಜೊತೆಗೆ ಸೂಪರ್‌ಚಾರ್ಜರ್ ಪಾಠವೂ ಸಿಗುತ್ತದೆ.

ಅಂಥ ಪಾಠಗಳ ಫಲವಾಗಿ ನಾನು 1.6 ಲೀಟರಿನ ಹಳೆಯ ಮಾಜ್ದಾ ಎಂಎಕ್ಸ್-5 ಕೊಂಡೆ. ಅದಕ್ಕೆ ಗುಜರಿಯಲ್ಲಿ ಸಿಕ್ಕ ಮಿನಿ ಕೂಪರ್ ಎಸ್ ಕಾರಿನ ಈಟನ್ ಸೂಪರ್‌ಚಾರ್ಜರ್ ಕೂರಿಸಿದೆ. ಇಂಗ್ಲೆಂಡಿನಲ್ಲಿ ಇದು ಬಡವರ ಮಾರ್ಗವೆಂದೇ ಪ್ರಸಿದ್ಧ. ಗಾಳಿ ಹೆಚ್ಚಾಯಿತು. ಅದಕ್ಕೆ ತಕ್ಕ ಪೆಟ್ರೋಲ್ ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಅದನ್ನು ನಾನು ಅಗ್ಗದಲ್ಲಿ ಬಗೆಹರಿಸಿದೆ. ಪಿಸ್ಟನ್ ಕರಗಿದ ಮೇಲೆ, ಇದೇ ಪ್ರಶ್ನೆಯನ್ನು ನನಗಿಂತ ಬುದ್ಧಿವಂತರು ಹೇಗೆ ಎದುರಿಸಿದ್ದರು ಎಂದು ಓದಲು ಕೂತೆ. ಹಾಗೆ ಓದಿದ್ದರಲ್ಲಿ ರುಚಿಸಿದ್ದು ಇಲ್ಲಿದೆ.

ಮೂಲ ವಿಷಯ ಸರಳ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ ತಾನಾಗಿ ಉಸಿರೆಳೆದುಕೊಂಡಷ್ಟೇ ಗಾಳಿ ಸಿಗುತ್ತದೆ, ಅಷ್ಟೇ ಪೆಟ್ರೋಲ್ ಉರಿಯುತ್ತದೆ. ಕಮ್ಮಾರನ ತಿದಿಯ ಹಾಗೆ ಒಂದು ಊದುಯಂತ್ರ ಹಾಕಿ ಗಾಳಿಯನ್ನು ತುರುಕಿದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಆದರೆ ಇಲ್ಲಿ ಒಲೆಯ ಹೋಲಿಕೆ ಕೈಕೊಡುತ್ತದೆ. ಸೌದೆ ಕಡಿಮೆಯಿಟ್ಟು ಜೋರಾಗಿ ಊದಿದರೆ ಒಲೆ ಆರುತ್ತದೆ. ಒತ್ತಡದಲ್ಲಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸ್ವಲ್ಪ ಕಡಿಮೆಯಾದರೆ ಬಿಸಿ ಏರುತ್ತದೆ, ಮಿಶ್ರಣ ನಿಧಾನವಾಗಿ ಉರಿಯುವ ಬದಲು ಒಮ್ಮೆಗೇ ಸಿಡಿಯುತ್ತದೆ. ಹರಳಿನ ಸದ್ದು ಅದೇ. ಆದ್ದರಿಂದ ಸೂಪರ್‌ಚಾರ್ಜರ್ ಇರುವಲ್ಲಿ 14.7 ಅಲ್ಲ, 12ರ ಆಸುಪಾಸು ಇಟ್ಟುಕೊಳ್ಳುತ್ತಾರೆ. ಹೆಚ್ಚುವರಿ ಪೆಟ್ರೋಲ್ ಉರಿಯುವುದಕ್ಕಲ್ಲ, ತಣಿಸುವುದಕ್ಕೆ.

ಈ ಊದುಯಂತ್ರ ಕಾರಿಗಿಂತ ಹಳೆಯದು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಸಣ್ಣ ಊರಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಯಂತ್ರ ಅದು. ಎರಡು ರೆಕ್ಕೆಗಳು ಒಂದಕ್ಕೊಂದು ತಾಗದೆ ತಿರುಗುತ್ತಾ ಗಾಳಿಯನ್ನು ಮುಂದಕ್ಕೆ ದೂಡುತ್ತವೆ. ಎರಕದ ಕುಲುಮೆಗಳಿಗೆ, ಗಣಿಗಳಿಗೆ ಗಾಳಿ ಕೊಡಲು ಅದನ್ನು ಬಳಸಿದರು. ನನ್ನ ಕಾರಿನಲ್ಲಿದ್ದ ಈಟನ್ ಅದರ ಮೊಮ್ಮಗ. 1885ರಲ್ಲೇ ಜರ್ಮನಿಯ ಗಾಟ್ಲೀಬ್ ಡೈಮ್ಲರ್, ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ಕೊಡುವ ವಿಚಾರವನ್ನು ಪೇಟೆಂಟಿನಲ್ಲಿ ಬರೆದಿಟ್ಟಿದ್ದ. ಮಾರಾಟಕ್ಕೆ ಬಂದ ಕಾರಿನಲ್ಲಿ ಅದು ಕಾಣಿಸಿಕೊಂಡದ್ದು 1921ರ ಬರ್ಲಿನ್ ಪ್ರದರ್ಶನದಲ್ಲಿ, ಮರ್ಸಿಡಿಸ್ ಹೆಸರಿನಲ್ಲಿ.

ಆ ಕಾರುಗಳ ಹೆಸರು ನನಗೆ ಬಹಳ ಇಷ್ಟ. 6/25/40 ಎಂದು ಒಂದು, 10/40/65 ಎಂದು ಇನ್ನೊಂದು. ಮೊದಲ ಅಂಕಿ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಾದ ಅಶ್ವಶಕ್ತಿ, ಎರಡನೆಯದು ಊದುಯಂತ್ರವಿಲ್ಲದೆ ಬರುವ ಶಕ್ತಿ, ಮೂರನೆಯದು ಅದನ್ನು ಚಾಲೂ ಮಾಡಿದಾಗ ಬರುವುದು. ಕಾರಿನ ಬೆನ್ನ ಮೇಲೇ ಲೆಕ್ಕಪತ್ರ ಬರೆದಿಟ್ಟ ಇವರನ್ನು ಮೆಚ್ಚದಿರಲು ನಮ್ಮಂಥವರಿಗೆ ಸಾಧ್ಯವೇ? ಚಾಲಕ ಪೆಡಲನ್ನು ಪೂರ್ತಿ ಒತ್ತಿದಾಗ ಮಾತ್ರ ಊದುಯಂತ್ರ ಎಂಜಿನ್ನಿಗೆ ಜೋಡಿಕೊಂಡು ಕಿರುಚುತ್ತಿತ್ತು.

ಮರ್ಸಿಡಿಸ್ ಎಂಜಿನಿಯರುಗಳು ಊದುಯಂತ್ರವನ್ನು ಕಾರ್ಬುರೇಟರಿಗಿಂತ ಮುಂಚೆ ಇಟ್ಟರು. ಒತ್ತಡದ ಗಾಳಿ ಕಾರ್ಬುರೇಟರ್ ಮೂಲಕ ನುಗ್ಗುತ್ತಿತ್ತು. ಕಾರ್ಬುರೇಟರ್ ಎಂಬುದು ಗಾಳಿಯ ಸೆಳೆತಕ್ಕೆ ಪೆಟ್ರೋಲ್ ತಾನಾಗಿ ಮೇಲೆದ್ದು ಬರುವ ಸಾಧನ. ಅಲ್ಲಿ ಒತ್ತಡ ಹೆಚ್ಚಾದರೆ ಪೆಟ್ರೋಲನ್ನೂ ಅಷ್ಟೇ ಒತ್ತಡದಲ್ಲಿ ಕೊಡಬೇಕು, ಇಲ್ಲವಾದರೆ ಅದು ಹಿಂದಕ್ಕೆ ಸರಿಯುತ್ತದೆ. 1924ರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಸನ್‌ಬೀಮ್ ರೇಸ್ ಕಾರುಗಳಲ್ಲಿ ಈ ಕ್ರಮವನ್ನು ತಿರುಗಿಸಿದರು. ಕಾರ್ಬುರೇಟರ್ ಮೊದಲು, ಊದುಯಂತ್ರ ಆಮೇಲೆ. ಈಗ ಪೆಟ್ರೋಲ್ ಕೂಡ ಗಾಳಿಯ ಜೊತೆ ಊದುಯಂತ್ರದ ಒಳಗೇ ಹೋಗುತ್ತದೆ, ಅಲ್ಲಿ ಚೆನ್ನಾಗಿ ಕಡೆಯಲ್ಪಟ್ಟು ಆವಿಯಾಗುತ್ತದೆ. ಆವಿಯಾಗುವಾಗ ಗಾಳಿಯ ಬಿಸಿ ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಗುಟ್ಟೇ ಇದು. ತಣ್ಣನೆಯ ಗಾಳಿ ಸಾಂದ್ರ, ಸಾಂದ್ರ ಗಾಳಿಗೆ ಹೆಚ್ಚು ಶಕ್ತಿ. ಜಾಗ ಬದಲಿಸಿದ್ದಷ್ಟಕ್ಕೇ ಇಷ್ಟು ಲಾಭ.

ಬೆಂಟ್ಲಿ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ, ನಾನು ಬೇಗ ದಾಟುತ್ತೇನೆ. ಟಿಮ್ ಬರ್ಕಿನ್ ಎಂಬ ರೇಸ್ ಚಾಲಕ, ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆಯ ದುಡ್ಡಿನಲ್ಲಿ, ನಾಲ್ಕೂವರೆ ಲೀಟರ್ ಬೆಂಟ್ಲಿಗೆ ಆಮ್‌ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಸೂಪರ್‌ಚಾರ್ಜರ್ ಹಾಕಿಸಿದ. ಕಂಪನಿಯ ಸ್ಥಾಪಕ ಡಬ್ಲ್ಯು.ಓ. ಬೆಂಟ್ಲಿಗೆ ಅದು ಸುತರಾಂ ಇಷ್ಟವಿರಲಿಲ್ಲ. 1930ರ ಲ ಮಾನ್ ಸ್ಪರ್ಧೆಯಲ್ಲಿ ಊದುಯಂತ್ರದ ಬೆಂಟ್ಲಿಗಳು ಮಧ್ಯದಲ್ಲೇ ನಿಂತವು, ಊದುಯಂತ್ರವಿಲ್ಲದ ಬೆಂಟ್ಲಿ ಗೆದ್ದಿತು. ಈಗ ಹರಾಜಿನಲ್ಲಿ ಬೆಲೆ ಬಾಳುವುದು ಸೋತ ಕಾರೇ. ಆಸ್ತಿಯ ಮೌಲ್ಯಮಾಪನದಲ್ಲಿ ತರ್ಕ ಹುಡುಕಬೇಡಿ ಎಂದು ಕಕ್ಷಿದಾರರಿಗೆ ಹೇಳುವಾಗ ನಾನು ಕೊಡುವ ಉದಾಹರಣೆ ಇದು.

ನಿಜವಾದ ಕಥೆ ನಮ್ಮ ಊರಿನ ಮರ್ಲಿನ್ ಎಂಜಿನ್ನಿನದು. 12 ಸಿಲಿಂಡರ್, 27 ಲೀಟರ್, ಹಿಂಬದಿಯಲ್ಲಿ ಸೂಪರ್‌ಚಾರ್ಜರ್. ಸ್ಪಿಟ್‌ಫೈರ್, ಹರಿಕೇನ್ ಯುದ್ಧವಿಮಾನಗಳ ಹೃದಯ. ಸಾಮಾನ್ಯ 87 ಆಕ್ಟೇನ್ ಪೆಟ್ರೋಲಿನಲ್ಲಿ ಅದಕ್ಕೆ ಆರೂಕಾಲು ಪೌಂಡ್ ಒತ್ತಡ ಮಾತ್ರ ಕೊಡಬಹುದಿತ್ತು. ನನ್ನ ಮಾಜ್ದಾಗೆ ನಾನು ಕೊಟ್ಟಿದ್ದೂ ಹೆಚ್ಚು ಕಡಿಮೆ ಅಷ್ಟೇ. 1940ರಲ್ಲಿ 100 ಆಕ್ಟೇನ್ ಪೆಟ್ರೋಲ್ ಬಂದ ಮೇಲೆ ಅದನ್ನು 12 ಪೌಂಡಿಗೆ ಏರಿಸಿದರು.

ಎದುರಾಳಿ ಜರ್ಮನ್ ಮೆಸ್ಸರ್‌ಶ್ಮಿಟ್ 109 ವಿಮಾನದ ಡೈಮ್ಲರ್ ಬೆಂಜ್ ಎಂಜಿನ್ನಿನಲ್ಲಿ ಕಾರ್ಬುರೇಟರ್ ಇರಲಿಲ್ಲ. ಪಂಪೊಂದು ಪ್ರತಿ ಸಿಲಿಂಡರಿಗೂ ನೇರವಾಗಿ ಪೆಟ್ರೋಲ್ ಚಿಮ್ಮಿಸುತ್ತಿತ್ತು. ರೋಲ್ಸ್ ರಾಯ್ಸ್‌ನವರು ಬೇಕೆಂದೇ ಕಾರ್ಬುರೇಟರ್ ಉಳಿಸಿಕೊಂಡಿದ್ದರು. ಕಾರಣ ಸನ್‌ಬೀಮ್ ಕಾರಣವೇ: ಸೂಪರ್‌ಚಾರ್ಜರಿಗೆ ಹೋಗುವ ಮುಂಚೆ ಪೆಟ್ರೋಲ್ ಆವಿಯಾದರೆ ಗಾಳಿ ತಣ್ಣಗಾಗುತ್ತದೆ, ಶಕ್ತಿ ಹೆಚ್ಚುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ಆಕಾಶದಲ್ಲಿ ಲೆಕ್ಕಕ್ಕೆ ಸಿಗದ ಒಂದು ಬಾಬ್ತು ಇತ್ತು. ಜರ್ಮನ್ ಪೈಲಟ್ ಮೂಗು ತಗ್ಗಿಸಿ ನೇರ ಕೆಳಕ್ಕೆ ಧುಮುಕಿದರೆ ಅವನ ಎಂಜಿನ್ ಹಾಗೇ ಓಡುತ್ತಿತ್ತು. ಹಿಂಬಾಲಿಸಲು ಸ್ಪಿಟ್‌ಫೈರ್ ಮೂಗು ತಗ್ಗಿಸಿದರೆ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಕಾರಿ, ಒಂದೆರಡು ಕ್ಷಣ ಸತ್ತುಹೋಗುತ್ತಿತ್ತು. ಆ ಒಂದೆರಡು ಕ್ಷಣದಲ್ಲಿ ಶತ್ರು ತಪ್ಪಿಸಿಕೊಳ್ಳಬಹುದು, ಅಥವಾ ಹಿಂದಿನಿಂದ ಇನ್ನೊಬ್ಬ ಬರಬಹುದು. ಹಾಗಾಗಿ ಪೈಲಟ್‌ಗಳು ಮೊದಲು ವಿಮಾನವನ್ನು ಮಗುಚಿ, ಆಮೇಲೆ ಧುಮುಕುವುದನ್ನು ಕಲಿತರು. ಅದಕ್ಕೂ ಸಮಯ ಹಿಡಿಯುತ್ತದೆ.

ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಇದ್ದಳು. 1909ರಲ್ಲಿ ಹುಟ್ಟಿದವಳು, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಓದಿ ಆಮೇಲೆ ಮೆಕ್ಯಾನಿಕಲ್‌ನಲ್ಲಿ ಸ್ನಾತಕೋತ್ತರ ಮಾಡಿದವಳು. ಬ್ರೂಕ್‌ಲ್ಯಾಂಡ್ಸ್ ರೇಸ್ ಹಾದಿಯಲ್ಲಿ ನಾರ್ಟನ್ ಮೋಟಾರ್‌ಸೈಕಲ್ಲನ್ನು ಗಂಟೆಗೆ 100 ಮೈಲಿಗೂ ಹೆಚ್ಚು ವೇಗದಲ್ಲಿ ಓಡಿಸಿ ಚಿನ್ನದ ನಕ್ಷತ್ರ ಗೆದ್ದವಳು. ಅದೇ ನಕ್ಷತ್ರ ಗೆಲ್ಲುವವರೆಗೂ ಮದುವೆಗೆ ಒಪ್ಪುವುದಿಲ್ಲ ಎಂದು ಜಾರ್ಜ್ ನೇಲರನಿಗೆ ಹೇಳಿದ್ದಳಂತೆ. ದಂತಕಥೆಯೇ ಇರಬಹುದು, ನನ್ನ ಹೆಂಡತಿ ಮಾತ್ರ ಪೂರ್ತಿ ನಂಬುತ್ತಾಳೆ.

ಎಂಜಿನ್ ಕೆಮ್ಮುವುದು ಪೆಟ್ರೋಲ್ ಸಿಗದೆ ಎಂದುಕೊಳ್ಳುವುದು ಸಹಜ. ಮೂಗು ತಗ್ಗಿದಾಗ ಕಾರ್ಬುರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲ್ ಮೇಲಕ್ಕೆ ಎಸೆಯಲ್ಪಡುತ್ತದೆ, ಕೆಳಗಿನ ರಂಧ್ರಗಳು ಒಣಗುತ್ತವೆ. ಅದು ನಿಜ, ಆದರೆ ಕ್ಷಣಮಾತ್ರ. ದೊಡ್ಡ ಪೆಟ್ಟು ಅದರ ಬೆನ್ನಿಗೇ ಬರುತ್ತಿತ್ತು. ಬಟ್ಟಲಿನ ತೇಲುಬುರುಡೆ ದಿಕ್ಕು ತಪ್ಪಿ, ಒಳಬರುವ ಕವಾಟ ಪೂರ್ತಿ ತೆರೆದು, ಪಂಪಿನ ಅಷ್ಟೂ ಪೆಟ್ರೋಲ್ ಒಳಗೆ ನುಗ್ಗಿ ಎಂಜಿನ್ ಮುಳುಗುತ್ತಿತ್ತು. ಕಪ್ಪು ಹೊಗೆ ಅದರ ಸಾಕ್ಷಿ. ಕೊರತೆಯಲ್ಲ, ಅತಿಯಾದದ್ದು. ಹೊಸ ಕಾರ್ಬುರೇಟರ್ ಮಾಡಿಸಿ ಎಲ್ಲ ವಿಮಾನಗಳಿಗೂ ಹಾಕಲು ಸಮಯವಿರಲಿಲ್ಲ. ಶಿಲ್ಲಿಂಗ್ ಮಾಡಿದ್ದು ಹಿತ್ತಾಳೆಯ ಒಂದು ಸಣ್ಣ ತಡೆ, ಮೊದಲು ದರ್ಜಿಯ ಅಂಗುಸ್ತಾನದಂಥದ್ದು, ಆಮೇಲೆ ಬರೀ ತೂತಿನ ಬಿಲ್ಲೆ. ಪೂರ್ಣ ಶಕ್ತಿಗೆ ಎಂಜಿನ್ ಎಷ್ಟು ಪೆಟ್ರೋಲ್ ಕುಡಿಯುತ್ತದೋ ಅಷ್ಟು ಮಾತ್ರ ಹರಿಯುವಂತೆ ತೂತಿನ ಅಳತೆ. ಕವಾಟ ಎಷ್ಟೇ ತೆರೆಯಲಿ, ಅದಕ್ಕಿಂತ ಹೆಚ್ಚು ಬರುವಂತಿಲ್ಲ. ಒತ್ತಡ ಬೇರೆಯಾದರೆ ತೂತೂ ಬೇರೆ, ಆದ್ದರಿಂದ 12 ಪೌಂಡಿಗೆ ಒಂದು ಅಳತೆ, 15 ಪೌಂಡಿಗೆ ಇನ್ನೊಂದು. ವಿಮಾನವನ್ನು ಸೇವೆಯಿಂದ ಹೊರತೆಗೆಯದೆ ಪೆಟ್ರೋಲ್ ಕೊಳವೆಯಲ್ಲೇ ಸೇರಿಸಬಹುದಿತ್ತು. 1941ರ ಮಾರ್ಚ್ ಹೊತ್ತಿಗೆ ಅವಳೂ ಅವಳ ಸಣ್ಣ ತಂಡವೂ ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಜೋಡಿಸುತ್ತಿದ್ದರು.

ಪೈಲಟ್‌ಗಳು ಅದನ್ನು ಮಿಸ್ ಶಿಲ್ಲಿಂಗ್ ರಂಧ್ರ ಎಂದು ಕರೆದರು. ತುಂಟತನವೂ ಇತ್ತು, ಪ್ರೀತಿಯೂ ಇತ್ತು. ಶಿಲ್ಲಿಂಗ್ ಎಂದರೆ ಆಗ ಹನ್ನೆರಡು ಪೆನ್ನಿಯ ನಾಣ್ಯ, ಪೌಂಡಿನ ಇಪ್ಪತ್ತರಲ್ಲಿ ಒಂದು ಭಾಗ. ಬಿಲ್ಲೆಯೂ ನಾಣ್ಯದಂತೆಯೇ ಕಾಣುತ್ತದೆ. ಉಲ್ಟಾ ಹಾರಾಟಕ್ಕೆ ಅದು ಪರಿಹಾರವಾಗಿರಲಿಲ್ಲ, ಆದರೆ ಧುಮುಕುವ ಮೊದಲ ಕ್ಷಣಗಳನ್ನು ದಾಟಿಸುತ್ತಿತ್ತು. 1943ರಲ್ಲಿ ಬೆಂಡಿಕ್ಸ್ ಸ್ಟ್ರೋಂಬರ್ಗ್ ಒತ್ತಡದ ಕಾರ್ಬುರೇಟರ್ ಬಂತು. ತೇಲುಬುರುಡೆಯೇ ಇಲ್ಲ, ಒಂದು ನಳಿಕೆ ಐದು ಪೌಂಡ್ ಒತ್ತಡದಲ್ಲಿ ಸೂಪರ್‌ಚಾರ್ಜರಿನ ಬಾಯಿಗೇ ಪೆಟ್ರೋಲ್ ಸಿಂಪಡಿಸುತ್ತದೆ. ತಣಿಸುವ ಲಾಭವೂ ಉಳಿಯಿತು, ಕೆಮ್ಮೂ ಹೋಯಿತು.

ನಮ್ಮವರಿಗೂ ಇಂಥ ಎಂಜಿನ್ನುಗಳ ನಂಟು ಇದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತೆರೆದರು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನ, ಎಂಜಿನ್ನುಗಳು ಅಲ್ಲಿ ದುರಸ್ತಿಯಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ, ಮತ್ತೆ ಹಾರಬಾರದೆಂದು ಬೇಕೆಂದೇ ಕೆಡಿಸಿಟ್ಟಿದ್ದ ಲಿಬರೇಟರ್ ಬಾಂಬರುಗಳನ್ನು ನಮ್ಮವರು ತೇಪೆ ಹಾಕಿ ಬೆಂಗಳೂರಿಗೆ ಹಾರಿಸಿ ತಂದರು, ಸುಮಾರು ನಲವತ್ತನ್ನು ಪೂರ್ತಿ ಸರಿಮಾಡಿದರು. ಭಾರತೀಯ ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಅವುಗಳಲ್ಲಿ ಒಂದು ಈಗ ಇಂಗ್ಲೆಂಡಿನ ಆರ್‌ಎಎಫ್ ಮ್ಯೂಸಿಯಂನಲ್ಲಿದೆ. ಅಗ್ಗದ ಕೆಲಸ ಎಂದರೆ ಕಳಪೆ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಅದನ್ನು ತೋರಿಸುತ್ತೇನೆ. ನನ್ನ ಕೆಲಸ ಮಾತ್ರ ಕಳಪೆಯೇ ಆಗಿತ್ತು.

ಯುದ್ಧದ ನಂತರ ಈ ವಿದ್ಯೆ ಕಾರುಗಳಿಗೆ ಮರಳಿತು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೋ ಕಾರು ತಂದಿತು. ಸಿಡಿತ ತಡೆಯಲು ಅವರು ಹೆಚ್ಚು ಪೆಟ್ರೋಲ್ ಕೊಡಲಿಲ್ಲ. ನೀರು, ಮೆಥನಾಲ್ ಅರ್ಧರ್ಧ ಬೆರೆಸಿದ ದ್ರವವನ್ನು ಬೇರೆ ತೊಟ್ಟಿಯಿಂದ ಸಿಂಪಡಿಸಿದರು. ತಾಂತ್ರಿಕವಾಗಿ ಸೊಗಸು. ಆದರೆ ಕೊಂಡವರು ತೊಟ್ಟಿ ತುಂಬುವುದನ್ನು ಮರೆತರು. ಖಾಲಿಯಾದಾಗ ಒತ್ತಡ ತಗ್ಗಿಸುವ ವ್ಯವಸ್ಥೆ ಇತ್ತು, ಕಾರು ಮಂಕಾಗುತ್ತಿತ್ತು, ಗ್ರಾಹಕರು ಬೈಯುತ್ತಿದ್ದರು. ಹಲವರು ಟರ್ಬೋವನ್ನೇ ತೆಗೆಸಿಬಿಟ್ಟರು. 1963ಕ್ಕೆ ಅದರ ಆಟ ಮುಗಿಯಿತು. ಆ ಕುಟುಂಬದ ಅಲ್ಯುಮಿನಿಯಂ ಎಂಜಿನ್ನಿನ ಹಕ್ಕನ್ನು ಆಮೇಲೆ ಇಂಗ್ಲೆಂಡಿನ ರೋವರ್ ಕೊಂಡು ದಶಕಗಳ ಕಾಲ ದುಡಿಸಿಕೊಂಡಿತು.

1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಬಂತು: ವಿದ್ಯುತ್ತಿನಿಂದ ತೆರೆದು ಮುಚ್ಚುವ ಇಂಜೆಕ್ಟರುಗಳು, ಎಷ್ಟು ಹೊತ್ತು ತೆರೆಯಬೇಕೆಂದು ನಿರ್ಧರಿಸುವ ಪೆಟ್ಟಿಗೆ. ಅದರ ಜೊತೆ ಚಳಿಯಲ್ಲಿ ಎಂಜಿನ್ ಹೊತ್ತಿಸಲು ಒಂದು ಹೆಚ್ಚುವರಿ ಇಂಜೆಕ್ಟರ್ ಕೂಡ. ಮನೆಯಲ್ಲೇ ಟರ್ಬೋ, ಸೂಪರ್‌ಚಾರ್ಜರ್ ಕಟ್ಟುವ ಹವ್ಯಾಸಿಗಳು ಕಣ್ಣು ಹಾಕಿದ್ದು ಈ ಹೆಚ್ಚುವರಿಯ ಮೇಲೆ. ಅದನ್ನು ಗಾಳಿಯ ಕೊಳವೆಗೆ ಸಿಕ್ಕಿಸಿ, ಒತ್ತಡ ಬಂದಾಗ ಹೊತ್ತಿಕೊಳ್ಳುವ ಸ್ವಿಚ್ ಹಾಕಿದರೆ ಹೆಚ್ಚಿನ ಪೆಟ್ರೋಲ್ ಸಿದ್ಧ! ಇನ್ನೊಂದು ದಾರಿ, ಇರುವ ಇಂಜೆಕ್ಟರುಗಳಿಗೇ ಪೆಟ್ರೋಲನ್ನು ಹೆಚ್ಚು ಒತ್ತಡದಲ್ಲಿ ಕೊಡುವುದು. ಇದರಲ್ಲಿ ವರ್ಗಮೂಲದ ಕಂದಾಯ ಕಟ್ಟಬೇಕು. ಹರಿವು ಎರಡರಷ್ಟಾಗಲು ಒತ್ತಡ ನಾಲ್ಕರಷ್ಟಾಗಬೇಕು. ನನ್ನ ಆರು ಪೌಂಡಿಗೆ ಗಾಳಿ ಸುಮಾರು ಶೇಕಡಾ 40 ಹೆಚ್ಚು. 1.4ರ ವರ್ಗ 1.96, ಅಂದರೆ 3 ಬಾರ್ ಇದ್ದದ್ದು 6 ಬಾರ್ ಆಗಬೇಕು. ಒತ್ತಡ ಏರಿದಷ್ಟೂ ಹಳೆಯ ಪಂಪಿನ ಹರಿವು ಇಳಿಯುತ್ತದೆ. ಹೊಸ ಪಂಪಿನ ಬೆಲೆ ನೋಡಿ ನಾನು ಐದನೇ ಇಂಜೆಕ್ಟರಿನ ದಾರಿ ಹಿಡಿದೆ. ನನ್ನ ಕಾರಿನ ಗಾಳಿ ಅಳೆಯುವ ಸಾಧನ ಒಂದು ಬಾಗಿಲಿನಂಥದ್ದು. ಪೂರ್ತಿ ತೆರೆದ ಮೇಲೆ ಎಷ್ಟೇ ಗಾಳಿ ನುಗ್ಗಿದರೂ ಅದಕ್ಕೆ ಗೊತ್ತಾಗದು. ಆದ್ದರಿಂದ ಮೂಲ ಕಂಪ್ಯೂಟರಿನಿಂದ ಸಹಾಯ ಇಲ್ಲ. ಹಳೆಯ ಇಂಜೆಕ್ಟರ್ 15 ಪೌಂಡ್, ಸ್ವಿಚ್ಚು 20, ಕೊಳವೆ, ಕ್ಲಿಪ್ಪು ಇತ್ಯಾದಿ. ಎಕ್ಸೆಲ್ಲಿನಲ್ಲಿ ಕೊನೆಯ ಸಾಲಿಗೆ ಹಸಿರು ಬಣ್ಣ ಹಚ್ಚಿದ್ದೆ.

ಎಚ್ಚರ ತಪ್ಪಿರಲಿಲ್ಲ ಎಂದುಕೊಂಡಿದ್ದೆ. ಹೊಗೆ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಮೀಟರ್ ಇತ್ತು. ಪೂರ್ತಿ ಒತ್ತಡದಲ್ಲಿ ಅದು 12 ಎಂದೇ ತೋರಿಸುತ್ತಿತ್ತು. ಆ ಸಂಜೆ ಕೂಡ.

ಎಂಜಿನ್ ಬಿಚ್ಚಿದ ದಿನ ಅರ್ಥವಾಯಿತು. ನಾಲ್ಕು ಪಿಸ್ಟನ್‌ಗಳಲ್ಲಿ ಮೂರು ಕಪ್ಪಗೆ, ಆರೋಗ್ಯವಾಗಿ ಇದ್ದವು. ನಾಲ್ಕನೆಯದು ಮಾತ್ರ ಕರಗಿತ್ತು. ನಾನು ಇಂಜೆಕ್ಟರನ್ನು ಸೂಪರ್‌ಚಾರ್ಜರ್ ದಾಟಿದ ಮೇಲೆ, ಕವಲು ಕೊಳವೆಯ ಬಾಯಲ್ಲಿ ಸಿಕ್ಕಿಸಿದ್ದೆ, ಕೈಗೆ ಸುಲಭವಾಗಿ ಸಿಗುತ್ತದೆಂದು. ಆ ಕವಲು ಒಣ ಗಾಳಿಗಾಗಿ ಮಾಡಿದ್ದು. ಗಾಳಿ ತಿರುವಿನಲ್ಲಿ ಬಾಗುತ್ತದೆ, ಪೆಟ್ರೋಲಿನ ಹನಿ ಭಾರ, ಅದು ನೇರ ಹೋಗಿ ಮೊದಲು ಸಿಕ್ಕಿದ ಬಾಗಿಲು ಹೊಕ್ಕುತ್ತದೆ. ಮೂರು ಸಿಲಿಂಡರಿಗೆ 11.5, ನಾಲ್ಕನೆಯದಕ್ಕೆ 14 ಎಂದಿಟ್ಟುಕೊಳ್ಳಿ. ನಾಲ್ಕರ ಹೊಗೆ ಸೇರಿದ ಮೇಲೆ ಅಳೆದರೆ ಬರುವ ಉತ್ತರ 12. ಹತ್ತೊಂಬತ್ತು ವರ್ಷಗಳಿಂದ ನಾನು ಕಂಪನಿ ಸಮೂಹಗಳ ಕ್ರೋಡೀಕೃತ ಲೆಕ್ಕಪತ್ರ ನೋಡುತ್ತಿದ್ದೇನೆ. ಮೂರು ಅಂಗಸಂಸ್ಥೆಗಳ ಲಾಭದಡಿ ನಾಲ್ಕನೆಯದರ ದಿವಾಳಿ ಅಡಗಿರಬಹುದು ಎಂದು ಕಿರಿಯರಿಗೆ ಪಾಠ ಹೇಳುವವನು ನಾನೇ.

ಇಂಜೆಕ್ಟರನ್ನು ಊದುಯಂತ್ರದ ಮುಂದೆ ಇಟ್ಟಿದ್ದರೆ? 1924ರ ಸನ್‌ಬೀಮ್, 1943ರ ಮರ್ಲಿನ್ ಎರಡೂ ಆ ಜಾಗವನ್ನೇ ತೋರಿಸುತ್ತವೆ. ಅಲ್ಲಿ ಪೆಟ್ರೋಲ್ ಚೆನ್ನಾಗಿ ಬೆರೆತು, ತಣಿಸಿ, ಹೆಚ್ಚು ಸಮನಾಗಿ ಹಂಚಿಹೋಗುತ್ತಿತ್ತು. ಅದರ ವೆಚ್ಚ ಇನ್ನೂ ಒಂದು ಗಜ ಕೊಳವೆ, ಅಷ್ಟೇ. ಆದರೂ ಸ್ವಿಚ್ಚಿನ ದೋಷ ಉಳಿಯುತ್ತಿತ್ತು: ಅದಕ್ಕೆ ಗೊತ್ತಿರುವುದು ಇದೆ, ಇಲ್ಲ ಎರಡೇ. ಹೊತ್ತಿಕೊಂಡ ಕ್ಷಣ ಪೆಟ್ರೋಲ್ ಅತಿ, ಮೇಲಿನ ವೇಗದಲ್ಲಿ ಅದೇ ಪೆಟ್ರೋಲ್ ಸಾಲದು. 6,000 ಸುತ್ತಿನಲ್ಲಿ ಎಂಜಿನ್ನಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಮಾತ್ರ ಸಮಯ. ಆ ಅವಧಿಯೊಳಗೆ ಎಷ್ಟು ಬೇಕೋ ಅಷ್ಟನ್ನು ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕೊಡುವ ಇಂಜೆಕ್ಟರೇ ಸರಿಯಾದ ಉತ್ತರ.

ಮನೆಯಲ್ಲಿ ಕಾರನ್ನು ಮಾರುವ ಮಾತು ಬಂತು. ಹೆಂಡತಿ ಬೈಯಲಿಲ್ಲ. ತಡೆಬೇಲಿಯಾಚೆ ಮಗಳು ನಿಂತಿದ್ದನ್ನು ಒಂದೇ ಸಲ ಹೇಳಿ ಸುಮ್ಮನಾದಳು, ಅದು ಬೈಗುಳಕ್ಕಿಂತ ಹೆಚ್ಚಾಯಿತು. ಆರು ತಿಂಗಳು ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ಆಮೇಲೆ ಮಗಳೇ ಕೇಳಿದಳು, ಅದನ್ನು ಸರಿಮಾಡುವುದಿಲ್ಲವೇ ಎಂದು.

ಗುಜರಿಯಿಂದ ಇನ್ನೊಂದು ಎಂಜಿನ್ 450 ಪೌಂಡಿಗೆ ಬಂತು. ಐದನೇ ಇಂಜೆಕ್ಟರ್ ಇಲ್ಲ. ನಾಲ್ಕಕ್ಕೂ ದೊಡ್ಡ ಇಂಜೆಕ್ಟರುಗಳು, ಸರಿಯಾದ ಪಂಪು. ಕಂಪ್ಯೂಟರಿಗೆ ಮೆಗಾಸ್ಕ್ವರ್ಟ್, ಅಮೆರಿಕದ ಬೌಲಿಂಗ್, ಗ್ರಿಪ್ಪೋ ಎಂಬಿಬ್ಬರು 2001ರಲ್ಲಿ ಹವ್ಯಾಸಿಗಳಿಗಾಗಿ ಬಿಡಿಭಾಗಗಳ ರೂಪದಲ್ಲಿ ಕೊಟ್ಟದ್ದು. ನಾನೂ ಮಗಳೂ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಸಂಜೆ ಬೆಸುಗೆ ಹಾಕಿದೆವು. ಅವಳ ಬೆಸುಗೆ ನನ್ನದಕ್ಕಿಂತ ಸ್ವಚ್ಛ. ಎರಡೂ ಸಲದ ಖರ್ಚು ಸೇರಿಸಿದರೆ, ಮೊದಲೇ ಸರಿಯಾದ ದಾರಿ ಹಿಡಿದಿದ್ದಕ್ಕಿಂತ 900 ಪೌಂಡ್ ಹೆಚ್ಚಾಯಿತು. ಆ ಹಾಳೆಗೆ ಯಾವ ಬಣ್ಣವನ್ನೂ ಹಚ್ಚಿಲ್ಲ.

ಈಗ ಭಾನುವಾರ ಬೆಳಿಗ್ಗೆ, ಹಗಲಿನಲ್ಲೇ, ಊರ ಹೊರಗಿನ ಖಾಲಿ ರಸ್ತೆಗೆ ಹೋಗುತ್ತೇವೆ. ನಾಲ್ಕು ಹೊಗೆ ಕೊಳವೆಗಳಿಗೂ ಬೇರೆ ಬೇರೆ ಉಷ್ಣಮಾಪಕ ಹಾಕಿಸಿದ್ದೇನೆ. ಮಗಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾಳೆ. ನಾಲ್ಕನೆಯದನ್ನು ಎರಡು ಸಲ ಓದುತ್ತಾಳೆ.